ಅಪ್‌ಡೇಟ್ ಆಫ್ ಮಾಡಿದರೂ ಫೈರ್‌ಫಾಕ್ಸ್ ಅಪ್‌ಡೇಟ್ ಆಗುತ್ತಲೇ ಇದೆಯಾ? ಮಾಡ್ತಿರೋದು ಯಾರು ಅಂತ ಮೊದಲು ಹಿಡಿಯಿರಿ

ಸೆಟ್ಟಿಂಗ್ಸ್‌ಗೆ ಹೋಗಿ ಆಟೋಮ್ಯಾಟಿಕ್ ಅಪ್‌ಡೇಟ್ ನಿಲ್ಲಿಸಿದ್ದೀರಿ. ಸ್ವಲ್ಪ ದಿನ ಎಲ್ಲ ಸರಿಯಾಗೇ ಇತ್ತು. ಆಮೇಲೆ ಒಂದು ದಿನ ಬ್ರೌಸರ್ ತೆರೆದರೆ ಹೊಸ ವರ್ಷನ್ ಬಂದು ಕೂತಿದೆ, ಟ್ಯಾಬ್‌ಗಳ ಆಕಾರ ಬದಲಾಗಿದೆ, ಆಫೀಸಿನ ಪೋರ್ಟಲ್ ಬೆರಳಚ್ಚು ಯಂತ್ರವನ್ನು ಗುರುತಿಸುತ್ತಿಲ್ಲ. ಸೆಟ್ಟಿಂಗ್ಸ್‌ಗೆ ಮತ್ತೆ ಹೋಗಿ ನೋಡಿದರೆ ನೀವು ಆರಿಸಿದ್ದ ಆಯ್ಕೆ ಹಾಗೇ ಇದೆ! ಹಾಗಾದರೆ ಅಪ್‌ಡೇಟ್ ಮಾಡಿದ್ದು ಯಾರು?

ಇದೇ ಸರಿಯಾದ ಪ್ರಶ್ನೆ. ಬಹಳ ಜನ ಇದನ್ನು ಕೇಳದೆ ನೇರ "ಹೇಗೆ ನಿಲ್ಲಿಸೋದು" ಅಂತ ಹುಡುಕಿ, ಸಿಕ್ಕ ಸಿಕ್ಕ ಸರ್ವೀಸ್‌ಗಳನ್ನೆಲ್ಲ ನಿಲ್ಲಿಸಿ, ಕೊನೆಗೆ ಬ್ರೌಸರ್ ಬೇರೆ ರೀತಿಯಲ್ಲಿ ಕೆಟ್ಟ ಮೇಲೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಫೈರ್‌ಫಾಕ್ಸನ್ನು ಅಪ್‌ಡೇಟ್ ಮಾಡುವವರು ಒಬ್ಬರಲ್ಲ. ಫೈರ್‌ಫಾಕ್ಸ್ ತಾನೇ ಮಾಡಿಕೊಳ್ಳಬಹುದು, ಅದು ಮುಚ್ಚಿದ್ದಾಗ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ (ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ತಾನೇ ಓಡಿಸುವ ಸೌಲಭ್ಯ) ಮಾಡಿಸಬಹುದು, ಮೈಕ್ರೋಸಾಫ್ಟ್ ಸ್ಟೋರ್ ಮಾಡಬಹುದು, ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ ಸ್ನ್ಯಾಪ್ (ಆ್ಯಪ್‌ಗಳನ್ನು ಹಾಕಿ ಹೊಸದು ಮಾಡುವ ವ್ಯವಸ್ಥೆ) ಮಾಡಬಹುದು. ಒಬ್ಬರಿಗೆ ಬೇಡ ಅಂದರೆ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಒಂದು ಮಾತು. ಕೆಳಗೆ ಬರುವ ವಿಳಾಸಗಳನ್ನೂ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು. ಮೆನುವಿನ ಹೆಸರುಗಳೂ ಇಂಗ್ಲಿಷ್ ಮೆನುವಿನವು. ಫೈರ್‌ಫಾಕ್ಸನ್ನು ಕನ್ನಡದಲ್ಲೇ ಬಳಸುವವರು ಜಾಗ ನೋಡಿಕೊಂಡು ಹೊಂದಿಸಿಕೊಳ್ಳಿ.

ಮೊದಲು: ನಿಜವಾಗಿಯೂ ವರ್ಷನ್ ಬದಲಾಗಿದೆಯಾ?

ನೋಡಲು ಹೆಲ್ಪ್ ಮೆನುವಿನ "ಅಬೌಟ್ ಫೈರ್‌ಫಾಕ್ಸ್" ತೆರೆಯಬೇಡಿ. ಆ ಕಿಟಕಿ ತೆರೆದ ಕೂಡಲೇ ಅದು ಅಪ್‌ಡೇಟ್ ಇದೆಯಾ ಅಂತ ಹುಡುಕುತ್ತದೆ, ಆಟೋಮ್ಯಾಟಿಕ್ ಆನ್ ಇದ್ದರೆ ಇಳಿಸಿಕೊಳ್ಳುವುದಕ್ಕೂ ಶುರು ಮಾಡುತ್ತದೆ. ವರ್ಷನ್ ನೋಡೋಣ ಅಂತ ಹೋದವರೇ ಅಪ್‌ಡೇಟ್ ಮಾಡಿಕೊಂಡು ಬಂದಿರುವುದು ಉಂಟು.

ಅದರ ಬದಲು ವಿಳಾಸ ಬರೆಯುವ ಜಾಗದಲ್ಲಿ ಅಬೌಟ್:ಸಪೋರ್ಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ ನಾಲ್ಕು ಸಾಲು ನಮಗೆ ಬೇಕು: ವರ್ಷನ್, ಅಪ್ಲಿಕೇಶನ್ ಬೈನರಿ, ಅಪ್‌ಡೇಟ್ ಹಿಸ್ಟರಿ, ಎಂಟರ್‌ಪ್ರೈಸ್ ಪಾಲಿಸೀಸ್. ಇವನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಇಡೀ ಪತ್ತೆ ಕೆಲಸ ನಿಂತಿರುವುದು ಇವುಗಳ ಮೇಲೆ.

ವರ್ಷನ್ ಮೊದಲಿನದೇ ಇದ್ದು ನೋಟ ಮಾತ್ರ ಬದಲಾಗಿದ್ದರೆ ಅದು ಅಪ್‌ಡೇಟ್ ಅಲ್ಲ. ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾ ಕೆಲವು ಸೌಲಭ್ಯಗಳನ್ನು ಇರುವ ವರ್ಷನ್‌ನಲ್ಲೇ ದೂರದಿಂದ ಆನ್ ಮಾಡಬಲ್ಲದು. ಪ್ರೈವೆಸಿ ವಿಭಾಗದಲ್ಲಿ "ಸ್ಟಡೀಸ್" (ಹೊಸ ಸೌಲಭ್ಯಗಳ ಪ್ರಯೋಗ) ನಡೆಸಲು ಅನುಮತಿ ಕೊಡುವ ಟಿಕ್ ಇದೆ, ಅದನ್ನು ತೆಗೆಯಿರಿ. ಇನ್ನು ಬ್ರೌಸರ್‌ಗೆ ನಾವು ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳಾದ ಆಡ್‌ಆನ್‌ಗಳದ್ದು ಬೇರೆಯೇ ಲೆಕ್ಕ. ಬ್ರೌಸರ್ ಅಪ್‌ಡೇಟ್ ನಿಲ್ಲಿಸಿದರೆ ಅವು ನಿಲ್ಲುವುದಿಲ್ಲ. ಆಡ್‌ಆನ್ಸ್ ಪುಟದ ಹಲ್ಲುಚಕ್ರದ ಗುರುತು ಒತ್ತಿದರೆ "ಅಪ್‌ಡೇಟ್ ಆಡ್‌ಆನ್ಸ್ ಆಟೋಮ್ಯಾಟಿಕಲಿ" ಅಂತ ಇರುತ್ತದೆ, ಬೇಡದಿದ್ದರೆ ಅಲ್ಲಿ ಟಿಕ್ ತೆಗೆಯಬೇಕು. ಬ್ರೌಸರ್ ಕೆಟ್ಟಿದೆ ಅಂದುಕೊಂಡ ಎಷ್ಟೋ ಸಲ ನಿಜವಾಗಿ ಬದಲಾಗಿರುವುದು ಜಾಹೀರಾತು ತಡೆಯುವ ಆಡ್‌ಆನ್.

ವರ್ಷನ್ ನಿಜಕ್ಕೂ ಬದಲಾಗಿದ್ದರೆ ಅಪ್ಲಿಕೇಶನ್ ಬೈನರಿ ಸಾಲು ಓದಿ. ಅದರಲ್ಲಿ "ಪ್ರೋಗ್ರಾಂ ಫೈಲ್ಸ್, ಮೊಝಿಲ್ಲಾ ಫೈರ್‌ಫಾಕ್ಸ್" ಅಂತಿದ್ದರೆ ಮೊಝಿಲ್ಲಾ ಸೈಟಿನಿಂದ ಹಾಕಿದ ಮಾಮೂಲಿ ಫೈರ್‌ಫಾಕ್ಸ್. "ವಿಂಡೋಸ್‌ಆ್ಯಪ್ಸ್" ಅಂತಿದ್ದರೆ ಸ್ಟೋರಿನದು. "ಸ್ನ್ಯಾಪ್" ಅಂತಿದ್ದರೆ ಉಬುಂಟು ಸ್ನ್ಯಾಪ್. ಅಪ್‌ಡೇಟ್ ಹಿಸ್ಟರಿಯಲ್ಲಿ ತಾರೀಖು ಸಮೇತ ಪಟ್ಟಿ ಇದ್ದರೆ ಫೈರ್‌ಫಾಕ್ಸ್‌ನ ಸ್ವಂತ ಅಪ್‌ಡೇಟರ್ ಕೆಲಸ ಮಾಡಿದೆ ಅಂತ ಅರ್ಥ. ವರ್ಷನ್ ಬದಲಾಗಿಯೂ ಪಟ್ಟಿ ಖಾಲಿ ಇದ್ದರೆ ಹೊರಗಿನವರ ಮೇಲೆ ಅನುಮಾನ ಪಡಬೇಕು.

ವಿಂಡೋಸ್‌ನಲ್ಲಿ ಮಾಮೂಲಿ ಫೈರ್‌ಫಾಕ್ಸ್

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಹಾಗಾಗಿ ಇದನ್ನು ನಿಧಾನವಾಗಿ ನೋಡೋಣ.

ಸೆಟ್ಟಿಂಗ್ಸ್‌ನಲ್ಲಿ, ಜನರಲ್ ಕೆಳಗೆ, ಫೈರ್‌ಫಾಕ್ಸ್ ಅಪ್‌ಡೇಟ್ಸ್ ಅನ್ನುವ ಕಡೆ ಈಗ ಇರುವುದು ಎರಡೇ ಆಯ್ಕೆ. ಒಂದು, ತಾನೇ ಹಾಕಿಕೊಳ್ಳುವುದು. ಇನ್ನೊಂದು, ಅಪ್‌ಡೇಟ್ ಬಂದಿದೆಯಾ ಅಂತ ನೋಡುತ್ತದೆ, ಆದರೆ ಹಾಕುವ ಮೊದಲು ನಿಮ್ಮನ್ನು ಕೇಳುತ್ತದೆ. "ನೋಡಲೇ ಬೇಡ" ಅನ್ನುವ ಮೂರನೇ ಆಯ್ಕೆ ಹಿಂದೆ ಇತ್ತು, 2018ರ ಅಕ್ಟೋಬರ್‌ನಲ್ಲಿ ಬಂದ 63ನೇ ವರ್ಷನ್‌ನಿಂದ ತೆಗೆದುಬಿಟ್ಟರು. ಹಾಗಾಗಿ ನೀವು ಎರಡನೆಯದನ್ನು ಆರಿಸಿದ್ದರೂ ಆಗಾಗ ಮೂಲೆಯಲ್ಲಿ ಒಂದು ಪೆಟ್ಟಿಗೆ ಬಂದು ಕೇಳುತ್ತಲೇ ಇರುತ್ತದೆ. ಮನೆಯಲ್ಲಿ ಬೇರೆ ಯಾರೋ, ಮಕ್ಕಳೋ ಅಣ್ಣನೋ, ಆ ಪೆಟ್ಟಿಗೆ ತೊಲಗಲಿ ಅಂತ ನೀಲಿ ಬಟನ್ ಒತ್ತಿದರೆ ಮುಗಿಯಿತು. ಒಂದೇ ಕಂಪ್ಯೂಟರನ್ನು ನಾಲ್ಕು ಜನ ಬಳಸುವ ಕಡೆ ಮೊದಲು ಇದನ್ನೇ ವಿಚಾರಿಸಿ.

ಅದೇ ಜಾಗದಲ್ಲಿ ಇನ್ನೊಂದು ಸಣ್ಣ ಸಾಲು ಇದೆ, ಯಾರೂ ಓದುವುದಿಲ್ಲ: ಈ ಸೆಟ್ಟಿಂಗ್ ಈ ಫೈರ್‌ಫಾಕ್ಸ್ ಬಳಸುವ ಎಲ್ಲ ವಿಂಡೋಸ್ ಅಕೌಂಟ್‌ಗಳಿಗೂ ಎಲ್ಲ ಪ್ರೊಫೈಲ್‌ಗಳಿಗೂ (ಬುಕ್‌ಮಾರ್ಕ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಇರುವ ಫೋಲ್ಡರ್‌ಗಳು) ಅನ್ವಯಿಸುತ್ತದೆ. ಅಂದರೆ ನೀವು ನಿಮ್ಮ ಅಕೌಂಟ್‌ನಲ್ಲಿ ಆಫ್ ಮಾಡಿದ್ದನ್ನು ಇನ್ನೊಬ್ಬರು ಅವರ ಅಕೌಂಟ್‌ನಿಂದ ಆನ್ ಮಾಡಿದರೆ ನಿಮಗೂ ಆನ್ ಆಗುತ್ತದೆ. ಕಾಲೇಜ್ ಲ್ಯಾಬ್‌ಗಳಲ್ಲಿ "ತಾನಾಗೇ ಬದಲಾಗ್ತಿದೆ ಸಾರ್" ಅನ್ನುವ ದೂರಿನ ಹಿಂದೆ ಇದೂ ಇರಬಹುದು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಗೊಂದಲ ಇದೆ. ಅಬೌಟ್:ಕಾನ್ಫಿಗ್‌ಗೆ ಹೋಗಿ ಆ್ಯಪ್.ಅಪ್‌ಡೇಟ್.ಆಟೋ ಅನ್ನುವುದನ್ನು ಫಾಲ್ಸ್ ಮಾಡಿ ಅನ್ನುವ ಸಲಹೆ ಇಂಟರ್ನೆಟ್ ತುಂಬ ಇದೆ. ಲಿನಕ್ಸ್, ಮ್ಯಾಕ್‌ನಲ್ಲಿ ಸರಿ. ವಿಂಡೋಸ್‌ನಲ್ಲಿ ಈಗ ಅದರಿಂದ ಏನೂ ಆಗುವುದಿಲ್ಲ, ಯಾಕೆಂದರೆ ಆ ಸೆಟ್ಟಿಂಗನ್ನು ಪ್ರೊಫೈಲ್‌ನಿಂದ ತೆಗೆದು ಪ್ರೋಗ್ರಾಂಡೇಟಾ ಫೋಲ್ಡರ್ ಒಳಗಿನ ಒಂದು ಫೈಲಿಗೆ ಸಾಗಿಸಿದ್ದಾರೆ, ಎಲ್ಲ ಅಕೌಂಟ್‌ಗಳಿಗೂ ಒಂದೇ ಇರಲಿ ಅಂತ. ಹಳೇ ಸಲಹೆ ನೋಡಿ ಫಾಲ್ಸ್ ಮಾಡಿ, "ಮಾಡಿದ್ದೇನೆ, ಆದರೂ ಆಗ್ತಿದೆ" ಅಂತ ಕೂರುವವರು ಬೇಕಾದಷ್ಟು ಜನ.

ಮುಂದಿನದು ಹಿಂಬದಿ ಅಪ್‌ಡೇಟ್. 2021ರ ಜುಲೈನಲ್ಲಿ ಬಂದ 90ನೇ ವರ್ಷನ್‌ನಿಂದ ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಮುಚ್ಚಿದ್ದಾಗಲೂ ಅಪ್‌ಡೇಟ್ ಆಗಬಲ್ಲದು. ಸೆಟ್ಟಿಂಗ್ಸ್‌ನಲ್ಲಿ "ವೆನ್ ಫೈರ್‌ಫಾಕ್ಸ್ ಇಸ್ ನಾಟ್ ರನ್ನಿಂಗ್" ಅಂತ ಟಿಕ್ ಇರುವುದು ಇದಕ್ಕೇ. ಟಾಸ್ಕ್ ಶೆಡ್ಯೂಲರ್ ತೆರೆದು ಮೊಝಿಲ್ಲಾ ಫೋಲ್ಡರ್ ನೋಡಿದರೆ "ಫೈರ್‌ಫಾಕ್ಸ್ ಬ್ಯಾಕ್‌ಗ್ರೌಂಡ್ ಅಪ್‌ಡೇಟ್" ಅನ್ನುವ ಟಾಸ್ಕ್ ಕಾಣುತ್ತದೆ, ಮಾಮೂಲಾಗಿ 7 ಗಂಟೆಗೊಮ್ಮೆ ಎದ್ದು ನೋಡುತ್ತದೆ. ಅದರ ಪಕ್ಕದಲ್ಲೇ "ಡೀಫಾಲ್ಟ್ ಬ್ರೌಸರ್ ಏಜೆಂಟ್" ಅಂತ ಇನ್ನೊಂದು ಇದ್ದರೆ ಅದಕ್ಕೂ ಅಪ್‌ಡೇಟ್‌ಗೂ ಸಂಬಂಧ ಇಲ್ಲ, ಅದನ್ನು ಅಳಿಸಿ ಗೆದ್ದೆ ಅಂದುಕೊಳ್ಳಬೇಡಿ. ಹಾಗೇ ಟಾಸ್ಕನ್ನು ಕೈಯಿಂದ ಅಳಿಸುವುದೂ ವ್ಯರ್ಥ. ಸೆಟ್ಟಿಂಗ್ ಆನ್ ಇದ್ದರೆ ಬ್ರೌಸರ್ ತೆರೆದಾಗ ಅದು ಮತ್ತೆ ಹುಟ್ಟಿಕೊಳ್ಳುತ್ತದೆ. ಟಿಕ್ ತೆಗೆಯಿರಿ, ಅಷ್ಟೇ ಸಾಕು.

ಇನ್ನು ಎಲ್ಲರ ಕಣ್ಣಿಗೆ ಬೀಳುವ ಅಪರಾಧಿ, ಮೊಝಿಲ್ಲಾ ಮೇಂಟೆನೆನ್ಸ್ ಸರ್ವೀಸ್. ಪಾಪ, ಅದರದ್ದೇನೂ ತಪ್ಪಿಲ್ಲ. 2012ರಲ್ಲಿ 12ನೇ ವರ್ಷನ್ ಜೊತೆ ಬಂದ ಅದು ಅಪ್‌ಡೇಟ್ ಹುಡುಕುವುದೂ ಇಲ್ಲ, ಇಳಿಸುವುದೂ ಇಲ್ಲ. ಫೈರ್‌ಫಾಕ್ಸ್ ಇಳಿಸಿಟ್ಟಿದ್ದನ್ನು ಹಾಕುವಾಗ ವಿಂಡೋಸ್ "ಬದಲಾವಣೆ ಮಾಡಲು ಬಿಡಲೇ?" ಅಂತ ಕೇಳುವ ಪೆಟ್ಟಿಗೆ ಬರದ ಹಾಗೆ ನೋಡಿಕೊಳ್ಳುತ್ತದೆ. ಅದನ್ನು ನಿಲ್ಲಿಸಿದರೆ ಅಪ್‌ಡೇಟ್ ನಿಲ್ಲುವುದಿಲ್ಲ, ಆ ಪೆಟ್ಟಿಗೆ ವಾಪಸ್ ಬರುತ್ತದೆ.

ಕೊನೆಗೆ ಒಂದು ಸಣ್ಣ ವಿಷಯ. ನೀವು ಇವತ್ತು ಆಫ್ ಮಾಡುವ ಹೊತ್ತಿಗೆ ಒಂದು ಅಪ್‌ಡೇಟ್ ಆಗಲೇ ಇಳಿದು ಕಾಯುತ್ತಿದ್ದರೆ, ಮುಂದಿನ ಸಲ ತೆರೆದಾಗ ಅದು ಬಂದು ಕೂರಬಹುದು. ಆಫ್ ಮಾಡಿದ ಮರುದಿನವೇ ಒಮ್ಮೆ ಅಪ್‌ಡೇಟ್ ಆಗಿ ಆಮೇಲೆ ಸುಮ್ಮನಾದರೆ ಚಿಂತೆ ಬೇಡ, ಇದೇ ಕಾರಣ.

ಪೂರ್ತಿ ಬಾಯಿ ಮುಚ್ಚಿಸಬೇಕು ಅಂದರೆ

ಪೆಟ್ಟಿಗೆಯೂ ಬರಬಾರದು, ಹುಡುಕಲೂ ಬಾರದು ಅನ್ನುವವರಿಗೆ ಇರುವ ಸರಿಯಾದ ದಾರಿ ಅಂದರೆ ಎಂಟರ್‌ಪ್ರೈಸ್ ಪಾಲಿಸಿ, ಬ್ರೌಸರ್ ಹೇಗೆ ನಡೆಯಬೇಕು ಅಂತ ಹೊರಗಿನಿಂದ ಹಾಕುವ ಕಟ್ಟಪ್ಪಣೆ. ಕಂಪನಿಗಳಿಗೆ ಅಂತ 2018ರಲ್ಲಿ 60ನೇ ವರ್ಷನ್‌ನಲ್ಲಿ ತಂದದ್ದು, ಆದರೆ ಮನೆಯ ಕಂಪ್ಯೂಟರ್‌ನಲ್ಲೂ ಯಾವ ತಕರಾರಿಲ್ಲದೆ ನಡೆಯುತ್ತದೆ.

ವಿಂಡೋಸ್‌ನಲ್ಲಿ ರಿಜಿಸ್ಟ್ರಿ ಎಡಿಟರ್ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳನ್ನು ತಿದ್ದುವ ಪ್ರೋಗ್ರಾಂ) ತೆರೆದು ಹೆಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್ ತನಕ ಹೋಗಿ. ಅಲ್ಲಿ ಮೊಝಿಲ್ಲಾ ಅಂತ ಒಂದು ಕೀ, ಅದರೊಳಗೆ ಫೈರ್‌ಫಾಕ್ಸ್ ಅಂತ ಇನ್ನೊಂದು ಕೀ ಮಾಡಿ. ಅದರೊಳಗೆ 32 ಬಿಟ್‌ನ ಡಿವರ್ಡ್ ವ್ಯಾಲ್ಯೂ ಮಾಡಿ ಡಿಸೇಬಲ್‌ಆ್ಯಪ್‌ಅಪ್‌ಡೇಟ್ ಅಂತ ಹೆಸರಿಡಿ, ಮೂರು ಪದ ಸೇರಿ ಒಂದೇ, ನಡುವೆ ಜಾಗ ಇಲ್ಲ. ಬೆಲೆ 1. ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಈಗ ಅಬೌಟ್:ಪಾಲಿಸೀಸ್ ನೋಡಿ. ಆ ಹೆಸರು ಪಟ್ಟಿಯಲ್ಲಿ ಟ್ರೂ ಅಂತ ಕಂಡರೆ ಕೆಲಸ ಆಯಿತು. ಸೆಟ್ಟಿಂಗ್ಸ್‌ನ ಮೇಲೆ "ನಿಮ್ಮ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ" ಅನ್ನುವ ಅರ್ಥದ ಸಾಲು ಬರುತ್ತದೆ, ಹೆದರಬೇಡಿ, ಆ ಸಂಸ್ಥೆ ನೀವೇ.

ಲಿನಕ್ಸ್‌ನಲ್ಲಿ ರಿಜಿಸ್ಟ್ರಿ ಇಲ್ಲ, ಫೈಲ್ ಮಾಡಬೇಕು: ಇಟಿಸಿ, ಫೈರ್‌ಫಾಕ್ಸ್, ಪಾಲಿಸೀಸ್ ಫೋಲ್ಡರ್ ಒಳಗೆ ಪಾಲಿಸೀಸ್.ಜೇಸನ್. ಅದರಲ್ಲಿ ಇದೇ ಪಾಲಿಸಿಯ ಹೆಸರನ್ನು ಟ್ರೂ ಅಂತ ಬರೆಯಬೇಕು. ವಿಂಡೋಸ್‌ನಲ್ಲೂ ಫೈಲ್ ದಾರಿ ಇದೆ, ಫೈರ್‌ಫಾಕ್ಸ್ ಹಾಕಿರುವ ಫೋಲ್ಡರ್‌ನಲ್ಲಿ ಡಿಸ್ಟ್ರಿಬ್ಯೂಶನ್ ಅಂತ ಫೋಲ್ಡರ್ ಮಾಡಿ ಅದರಲ್ಲಿ ಇದೇ ಫೈಲ್ ಇಡಬೇಕು. ನಾನು ರಿಜಿಸ್ಟ್ರಿಯನ್ನೇ ಹೇಳುತ್ತೇನೆ, ಯಾಕೆಂದರೆ ಫೈಲ್ ದಾರಿಯಲ್ಲಿ ಎಡವುವ ಜಾಗ ಬಹಳ. ನೋಟ್‌ಪ್ಯಾಡ್ ಸುಮ್ನೆ ಹಿಂದೆ ಒಂದು ಡಾಟ್ ಟಿಎಕ್ಸ್‌ಟಿ ಸೇರಿಸಿಬಿಡುತ್ತದೆ, ವಿಂಡೋಸ್ ಅದನ್ನು ಮುಚ್ಚಿಡುತ್ತದೆ, ನಿಮಗೆ ಹೆಸರು ಸರಿಯಾಗೇ ಕಾಣುತ್ತದೆ. ವಾಟ್ಸಾಪ್‌ನಿಂದ ನಕಲು ಮಾಡಿದ ಸಾಲಿನಲ್ಲಿ ಉದ್ಧರಣ ಚಿಹ್ನೆ ಬಾಗಿರಬಹುದು. ಒಂದು ಆವರಣ ಬಿಟ್ಟುಹೋಗಿರಬಹುದು. ಫೈಲಿನಲ್ಲಿ ಅಕ್ಷರದ ದೊಡ್ಡದು ಚಿಕ್ಕದೂ ಲೆಕ್ಕಕ್ಕೆ ಬರುತ್ತದೆ. ಕೆಲವರು ಡಿಸ್ಟ್ರಿಬ್ಯೂಶನ್ ಫೋಲ್ಡರನ್ನು ಪ್ರೊಫೈಲ್ ಒಳಗೆ ಮಾಡುತ್ತಾರೆ, ಅಲ್ಲಿ ಅದನ್ನು ಯಾರೂ ಓದುವುದಿಲ್ಲ.

ಪಾಲಿಸಿ ಹಿಡಿದಿಲ್ಲ ಅನ್ನಿಸಿದರೆ ಅಬೌಟ್:ಸಪೋರ್ಟ್‌ನ ಎಂಟರ್‌ಪ್ರೈಸ್ ಪಾಲಿಸೀಸ್ ಸಾಲು ನೋಡಿ. "ಇನ್‌ಆಕ್ಟಿವ್" ಅಂದರೆ ಫೈಲೇ ಸಿಕ್ಕಿಲ್ಲ, ಹೆಸರು ಅಥವಾ ಜಾಗ ತಪ್ಪು. "ಎರರ್" ಅಂದರೆ ಫೈಲ್ ಸಿಕ್ಕಿದೆ, ಒಳಗೆ ಬರೆದದ್ದು ತಪ್ಪು. ಎಲ್ಲ ಸರಿ ಇದ್ದೂ ಹಿಡಿಯದಿದ್ದರೆ ನಿಮ್ಮಲ್ಲಿ ಎರಡು ಫೈರ್‌ಫಾಕ್ಸ್ ಇರಬಹುದು. 32 ಬಿಟ್‌ನದೊಂದು, 64 ಬಿಟ್‌ನದೊಂದು, ಇಲ್ಲವೇ ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಹಾಕಿದ್ದು ಆ್ಯಪ್‌ಡೇಟಾ ಒಳಗೆ ಇನ್ನೊಂದು. ನೀವು ಫೈಲ್ ಇಟ್ಟದ್ದು ಒಂದಕ್ಕೆ, ತೆರೆಯುತ್ತಿರುವುದು ಇನ್ನೊಂದನ್ನು. ಅಪ್ಲಿಕೇಶನ್ ಬೈನರಿ ಸಾಲು ಬರೆದಿಟ್ಟುಕೊಳ್ಳಿ ಅಂದದ್ದು ಇದಕ್ಕೂ ಹೌದು.

ಸ್ಟೋರ್ ಮತ್ತು ಸ್ನ್ಯಾಪ್

2021ರ ನವೆಂಬರ್‌ನಿಂದ ಫೈರ್‌ಫಾಕ್ಸ್ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೂ ಸಿಗುತ್ತದೆ. ಅಲ್ಲಿಂದ ಹಾಕಿದ್ದರೆ ಅಪ್‌ಡೇಟ್ ಮಾಡುವುದು ಸ್ಟೋರ್, ಫೈರ್‌ಫಾಕ್ಸ್ ಅಲ್ಲ. ಫೈರ್‌ಫಾಕ್ಸ್‌ನ ಪಾಲಿಸಿಗೆ ಸ್ಟೋರ್ ಕಿವಿಗೊಡುವುದಿಲ್ಲ. ಸ್ಟೋರ್ ಜೊತೆ ಗುದ್ದಾಡುವುದಕ್ಕಿಂತ ಬುಕ್‌ಮಾರ್ಕ್ ಉಳಿಸಿಕೊಂಡು ಅದನ್ನು ತೆಗೆದು ಮೊಝಿಲ್ಲಾ ಸೈಟಿನ ಮಾಮೂಲಿ ಇನ್‌ಸ್ಟಾಲರ್ ಹಾಕುವುದು ವಾಸಿ.

ಉಬುಂಟು 22.04ರಿಂದೀಚೆಗೆ ಪರಿಸ್ಥಿತಿ ಇನ್ನೂ ತಮಾಷೆ. ಅಲ್ಲಿ ಏಪಿಟಿಯಲ್ಲಿ (ಸಾಫ್ಟ್‌ವೇರ್ ಹಾಕುವ ಇನ್ನೊಂದು, ಹಳೆಯ ವ್ಯವಸ್ಥೆ) ಫೈರ್‌ಫಾಕ್ಸ್ ಅನ್ನುವ ಹೆಸರಿನ ಪ್ಯಾಕೇಜ್ ಇದೆ, ಆದರೆ ಅದರೊಳಗೆ ಬ್ರೌಸರ್ ಇಲ್ಲ, ಅದು ಸ್ನ್ಯಾಪನ್ನು ಹಾಕಿಸುವ ದಲ್ಲಾಳಿ ಮಾತ್ರ. ಏಪಿಟಿ-ಮಾರ್ಕ್ ಹೋಲ್ಡ್ ಫೈರ್‌ಫಾಕ್ಸ್ ಅಂತ ಕೊಟ್ಟು ನಿಶ್ಚಿಂತೆಯಿಂದ ಇದ್ದವರು ಹಿಡಿದಿಟ್ಟದ್ದು ಆ ದಲ್ಲಾಳಿಯನ್ನು. ನಿಜವಾದ ಬ್ರೌಸರ್ ಸ್ನ್ಯಾಪ್ ಕಡೆಯಿಂದ ಹೊಸದಾಗುತ್ತಲೇ ಇರುತ್ತದೆ, ದಿನಕ್ಕೆ 4 ಸಲ ನೋಡುತ್ತದೆ. ಬ್ರೌಸರ್ ತೆರೆದಿದ್ದರೆ ಸ್ವಲ್ಪ ದಿನ ಕಾದು, "ಇಷ್ಟು ದಿನ ಉಳಿದಿದೆ, ಮುಚ್ಚಿ" ಅಂತ ಎಚ್ಚರಿಸಿ, ಆಮೇಲೆ ಮಾಡಿಯೇ ತೀರುತ್ತದೆ.

ಇದಕ್ಕೆ ಕಮಾಂಡ್ ಸುಡೋ ಸ್ನ್ಯಾಪ್ ರಿಫ್ರೆಶ್, ಆಮೇಲೆ ಎರಡು ಅಡ್ಡಗೆರೆ ಸೇರಿಸಿ ಹೋಲ್ಡ್, ಕೊನೆಗೆ ಫೈರ್‌ಫಾಕ್ಸ್. ಸ್ನ್ಯಾಪನ್ನು ನಡೆಸುವ ಪ್ರೋಗ್ರಾಂ ಆದ ಸ್ನ್ಯಾಪ್‌ಡಿಯ 2.58ನೇ ವರ್ಷನ್‌ನಿಂದ ಇದು ಇದೆ. ಸ್ನ್ಯಾಪ್ ಲಿಸ್ಟ್ ಕೊಟ್ಟು ನೋಡಿದರೆ ಫೈರ್‌ಫಾಕ್ಸ್ ಮುಂದೆ "ಹೆಲ್ಡ್" ಅಂತ ಇರಬೇಕು. ಒಂದು ಕಿಂಡಿ ಉಳಿಯುತ್ತದೆ: ಯಾರಾದರೂ ಹೆಸರು ಹಿಡಿದು ಸ್ನ್ಯಾಪ್ ರಿಫ್ರೆಶ್ ಫೈರ್‌ಫಾಕ್ಸ್ ಅಂದರೆ ಹೋಲ್ಡ್ ಇದ್ದರೂ ಅಪ್‌ಡೇಟ್ ಆಗುತ್ತದೆ. ಆಗಿದೆಯೇ ಅಂತ ತಿಳಿಯಲು ಸ್ನ್ಯಾಪ್ ಚೇಂಜಸ್ ನೋಡಿ.

ಕ್ರೋಮ್ ಬಗ್ಗೆ ಕೇಳುವವರಿಗೆ ಎರಡೇ ಮಾತು. ಅದರಲ್ಲಿ ನಿಲ್ಲಿಸುವ ಸೆಟ್ಟಿಂಗ್ ಇಲ್ಲ. ಗೂಗಲ್ ಅಪ್‌ಡೇಟ್‌ಗೆ ರಿಜಿಸ್ಟ್ರಿ ಪಾಲಿಸಿ ಇದೆ, ಆದರೆ ಅದು ಕಂಪನಿಯ ಡೊಮೇನ್‌ಗೆ ಸೇರಿಸಿದ ಕಂಪ್ಯೂಟರ್‌ಗಳಿಗೆ ಅಂತ ಇರುವುದು, ಮನೆಯದಕ್ಕಲ್ಲ. ರಿಜಿಸ್ಟ್ರಿಯಲ್ಲಿ ಎಲ್ಲ ಸರಿಯಾಗಿ ಬರೆದರೂ ಹಿಡಿಯುತ್ತಿಲ್ಲ ಅಂದರೆ ಕಾರಣ ಅದೇ.

ನಿಲ್ಲಿಸುವ ಮೊದಲು ಇದನ್ನೂ ನೋಡಿ

ನಿಮಗೆ ನಿಜವಾಗಿ ಬೇಕಿರುವುದು ಅಪ್‌ಡೇಟ್ ನಿಲ್ಲುವುದಾ, ಕೆಟ್ಟ ಪೋರ್ಟಲ್ ಸರಿಹೋಗುವುದಾ? ಸೈಬರ್ ಸೆಂಟರ್‌ನವರು ಹೇಳುವ ತೊಂದರೆ ಹೆಚ್ಚಾಗಿ ಎರಡನೆಯದು. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇವುಗಳ ಸಾಫ್ಟ್‌ವೇರ್ ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತಿರುತ್ತದೆ, ಪೋರ್ಟಲ್ ಬ್ರೌಸರ್ ಮೂಲಕ ಅದನ್ನು ಮಾತಾಡಿಸುತ್ತದೆ. ಕ್ರೋಮ್ 142ರಿಂದ ಹೀಗೆ ಒಳಗಿನ ಯಂತ್ರಗಳನ್ನು ಮಾತಾಡಿಸಲು ಸೈಟ್ ಅನುಮತಿ ಕೇಳಬೇಕು. ಆ ಪೆಟ್ಟಿಗೆಯಲ್ಲಿ ಗಡಿಬಿಡಿಯಲ್ಲಿ "ಬ್ಲಾಕ್" ಒತ್ತಿದ್ದರೆ ಯಂತ್ರ ಸಿಗುವುದಿಲ್ಲ, ಎಷ್ಟು ಸಲ ಕೇಬಲ್ ಕಿತ್ತು ಹಾಕಿದರೂ ಅಷ್ಟೇ. ವಿಳಾಸದ ಎಡಗಡೆಯ ಗುರುತು ಒತ್ತಿ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಬ್ಲಾಕ್ ಆದ ಆ ಅನುಮತಿಯನ್ನು ಕೊಡಿ. ಹಳೇ ವರ್ಷನ್ ಹುಡುಕುವ ಕೆಲಸವೇ ಇಲ್ಲ.

ನಿಲ್ಲಿಸಿ ವರ್ಷಗಟ್ಟಲೆ ಬಿಡುವುದಂತೂ ಬೇಡ, ಭದ್ರತೆ ಒಂದೇ ಕಾರಣ ಅಲ್ಲ. 2025ರ ಮಾರ್ಚ್ 14ರಂದು ಫೈರ್‌ಫಾಕ್ಸ್ ಒಳಗಿನ ಒಂದು ಮೂಲ ಸರ್ಟಿಫಿಕೇಟ್‌ನ (ಆಡ್‌ಆನ್‌ನಂಥವು ಅಸಲಿಯೇ ಅಂತ ಪರೀಕ್ಷಿಸಲು ಬಳಸುವ ಡಿಜಿಟಲ್ ಗುರುತು) ಅವಧಿ ಮುಗಿಯಿತು. 128ಕ್ಕಿಂತ ಹಳೆಯ, ಇಎಸ್‌ಆರ್‌ನಲ್ಲಿ (ನಿಧಾನವಾಗಿ ಬದಲಾಗುವ, ಹೆಚ್ಚು ಕಾಲ ದುರಸ್ತಿ ಸಿಗುವ ಫೈರ್‌ಫಾಕ್ಸ್) 115.13ಕ್ಕಿಂತ ಹಳೆಯ ಫೈರ್‌ಫಾಕ್ಸ್‌ಗಳಿಗೆ ಅಂದಿನಿಂದ ಆಡ್‌ಆನ್‌ಗಳು ನಿಲ್ಲುವ, ಕೆಲವು ವಿಡಿಯೋ ಸೈಟ್ ಓಡದಿರುವ ಪಾಡು. ಏನೂ ಮುಟ್ಟಿಲ್ಲ, ಆದರೂ ಕೆಟ್ಟಿತು ಅಂತ ಬಂದವರ ಕೇಸಿನಲ್ಲಿ, ಕೆಟ್ಟದ್ದೇ ಮುಟ್ಟದಿದ್ದದ್ದಕ್ಕೆ.

ನನ್ನನ್ನು ಕೇಳಿದರೆ, ನಾಲ್ಕು ವಾರಕ್ಕೊಮ್ಮೆ ಬರುವ ಹೊಸ ನೋಟದಿಂದ ತಲೆಕೆಟ್ಟವರಿಗೆ ಇಎಸ್‌ಆರ್ ಒಳ್ಳೆಯದು. ಅದರಲ್ಲಿ ದೊಡ್ಡ ಬದಲಾವಣೆ ವರ್ಷಕ್ಕೊಮ್ಮೆ ಬರುತ್ತದೆ, ನಡುವೆ ಬರುವುದು ಹೆಚ್ಚಾಗಿ ಭದ್ರತೆಯ ದುರಸ್ತಿ. ಲ್ಯಾಬ್, ಆಫೀಸು, ವಯಸ್ಸಾದ ಅಪ್ಪ ಅಮ್ಮನ ಕಂಪ್ಯೂಟರ್, ಎಲ್ಲದಕ್ಕೂ ಸರಿ.

ಆಗಲೇ ಹೊಸದಾಗಿಬಿಟ್ಟ ಫೈರ್‌ಫಾಕ್ಸನ್ನು ಹಿಂದಕ್ಕೆ ತರುವವರು ಹುಷಾರು. 67ನೇ ವರ್ಷನ್‌ನಿಂದ ಹಳೇ ಫೈರ್‌ಫಾಕ್ಸ್ ಹೊಸದರ ಪ್ರೊಫೈಲ್ ತೆರೆಯಲು ಒಪ್ಪುವುದಿಲ್ಲ, ಹೊಸ ಪ್ರೊಫೈಲ್ ಮಾಡಿಕೋ ಅನ್ನುತ್ತದೆ. ಅದನ್ನು ಕಂಡು ಪಾಸ್‌ವರ್ಡ್ ಎಲ್ಲ ಹೋಯಿತು ಅಂತ ಗಾಬರಿಯಾಗಬೇಡಿ. ಹಳೆಯ ಪ್ರೊಫೈಲ್ ಡಿಸ್ಕ್‌ನಲ್ಲೇ ಇರುತ್ತದೆ, ಹೊಸ ವರ್ಷನ್ ಮತ್ತೆ ಹಾಕಿದರೆ ಅದರಲ್ಲಿ ತೆರೆದುಕೊಳ್ಳುತ್ತದೆ. ಸ್ನ್ಯಾಪ್ ರಿವರ್ಟ್ (ಹಿಂದಿನ ವರ್ಷನ್‌ಗೆ ಮರಳುವ ಕಮಾಂಡ್) ಮಾಡಿದವರಿಗೂ ಇದೇ ಕಥೆ ಎದುರಾಗಬಹುದು, ಏಕೆಂದರೆ ರಿವರ್ಟ್ ಮಾಡಿದರೆ ಬ್ರೌಸರ್ ಹಿಂದೆ ಹೋಗುತ್ತದೆ, ಪ್ರೊಫೈಲ್ ಹೋಗುವುದಿಲ್ಲ. ಹಾಗಾಗಿ ವಾಪಸ್ ಹೋಗುವ ಮೊದಲು ಬುಕ್‌ಮಾರ್ಕ್‌ಗಳನ್ನು ಒಂದು ಫೈಲಿಗೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ, ಪ್ರೊಫೈಲ್ ಫೋಲ್ಡರನ್ನು ಪೂರ್ತಿ ನಕಲು ಮಾಡಿಡಿ.

ಪಾಲಿಸಿ ಹಾಕಿದ ಮೇಲೆ ಅಪ್‌ಡೇಟ್ ಬೇಕಾದಾಗ ಅದನ್ನು ತೆಗೆಯಲೇಬೇಕೆಂದಿಲ್ಲ. ಮೊಝಿಲ್ಲಾ ಸೈಟಿನಿಂದ ಪೂರ್ತಿ ಇನ್‌ಸ್ಟಾಲರ್ ಇಳಿಸಿ ಇರುವುದರ ಮೇಲೆಯೇ ಹಾಕಿದರೆ ನಡೆಯುತ್ತದೆ. ಹಾಕಿದ ಮೇಲೆ ಅಬೌಟ್:ಪಾಲಿಸೀಸ್ ಇನ್ನೊಮ್ಮೆ ನೋಡಿ. ರಿಜಿಸ್ಟ್ರಿಯಲ್ಲಿ ಬರೆದದ್ದು ಹಾಗೇ ಇರುತ್ತದೆ. ಫೈಲ್ ಇಟ್ಟವರು ಮಾತ್ರ ಡಿಸ್ಟ್ರಿಬ್ಯೂಶನ್ ಫೋಲ್ಡರ್ ಉಳಿದಿದೆಯಾ ನೋಡಿಕೊಳ್ಳಬೇಕು, ಮ್ಯಾಕ್‌ನಲ್ಲಂತೂ ಆ ಫೋಲ್ಡರ್ ಇರುವುದೇ ಆ್ಯಪ್‌ನ ಒಳಗೆ, ಹೊಸ ಆ್ಯಪ್ ಎಳೆದು ಹಾಕಿದರೆ ಅದೂ ಹೋಗಿರುತ್ತದೆ.